ಸಕ್ಕರೆ ಇಳಿದಾಗ ಬರುವವರು

ನಮ್ಮ ದರ್ಜಿ ಅಂಗಡಿಯಲ್ಲಿ ಅಂಗಿಗಳಿಗೆ ಕಾಜ ಮಾಡಿ ಗುಂಡಿ ಹೊಲಿಯುವವಳು ನನ್ನ ದೊಡ್ಡಮ್ಮ. ಅವಳ ಬಾಯಿ ಅವಳ ಸೂಜಿಗಿಂತ ಚೂಪು. ಎದುರಿನ ಹೊಲಿಗೆ ಯಂತ್ರ ನನ್ನದು. ಮೂಲೆಯ ಮೇಜಿನಲ್ಲಿ ದೊಡ್ಡಪ್ಪ ಇಸ್ತ್ರಿ ಮಾಡುತ್ತಿದ್ದರು. ಅವರು ತೀರಿಕೊಂಡು ವರ್ಷವಾಯಿತು. ಆ ಜಾಗಕ್ಕೆ ಬೇರೆಯವರ ಮಾತೆತ್ತಿದರೆ ದೊಡ್ಡಮ್ಮ ಮುಖ ಊದಿಸುತ್ತಾಳೆಂದು ಮೇಜು ಇನ್ನೂ ಖಾಲಿ ಇದೆ.

ಆರೋಗ್ಯವಂತರ ದೇಹ ತನ್ನನ್ನು ತಾನೇ ನೋಡಿಕೊಳ್ಳುತ್ತದೆ. ರಕ್ತದಲ್ಲಿ ಸಕ್ಕರೆ ಇಳಿದರೆ ಇನ್ಸುಲಿನ್ ಕಡಿಮೆಯಾಗುತ್ತದೆ, ಯಕೃತ್ತು ಕೂಡಿಟ್ಟ ಸಕ್ಕರೆಯನ್ನು ಹೊರಗೆ ಬಿಡುತ್ತದೆ. ದೊಡ್ಡಮ್ಮನಿಗೆ ಸಕ್ಕರೆ ಕಾಯಿಲೆ, ಅವಳದು ಚುಚ್ಚಿಕೊಳ್ಳುವ ಇನ್ಸುಲಿನ್. ಒಮ್ಮೆ ಒಳಗೆ ಹೋದರೆ ಹಿಂದಕ್ಕೆ ಕರೆಯಲಾಗದು, ಊಟ ಮಾಡಲೇಬೇಕು. ಸಕ್ಕರೆ ಇಳಿದಾಗ ಬೆವರು, ನಡುಕ ಬಂದು ಎಚ್ಚರಿಸಬೇಕು. ಪದೇಪದೇ ಇಳಿದು ಅವಳಿಗೆ ಆ ಎಚ್ಚರಿಕೆಯೇ ಬರದಂತಾಗಿತ್ತು. ಗೊತ್ತಾಗುತ್ತಿದ್ದುದು ದೊಡ್ಡಪ್ಪನಿಗೆ. ಅವಳ ಕಾಜ ಸೊಟ್ಟಗಾದದ್ದೇ ತಡ, ಇಸ್ತ್ರಿಪೆಟ್ಟಿಗೆ ಬದಿಗಿಟ್ಟು ಬಂದು, "ಬಾಯಿ ತೆಗಿ" ಎಂದು ಸಕ್ಕರೆ ಹಾಕುತ್ತಿದ್ದರು. ಮುದುಕರ ಸರಸ ನೋಡಿ ಎಂದು ನಾವೆಲ್ಲ ನಗುತ್ತಿದ್ದೆವು.

ಈಚೆಗೆ ಕಾಜಗಳು ಮತ್ತೆ ಸೊಟ್ಟಗಾಗತೊಡಗಿದವು. ಅವಳು ಸೂಜಿ ನಿಲ್ಲಿಸಿ ಖಾಲಿ ಮೇಜಿನತ್ತ ನೋಡಿ ನಗುವಳು. ನಾನು ಸಕ್ಕರೆ ತಿನ್ನಿಸಿದರೆ, ಸುಧಾರಿಸಿಕೊಂಡ ಮೇಲೆ ನನ್ನ ಮೇಲೆಯೇ ಹರಿಹಾಯುವಳು. ಇನ್ನೊಮ್ಮೆ ಹೀಗಾದರೆ ಏಳದೆಯೂ ಇರಬಹುದು ಎಂದು ವೈದ್ಯರು ನನ್ನೆದುರೇ ಹೇಳಿದ್ದರು.

ಆಮೇಲೊಂದು ದಿನ ದಾರದುಂಡೆ ಹುಡುಕುತ್ತ ಅವಳ ಚೀಲಕ್ಕೆ ಕೈ ಹಾಕಿದೆ. ಬುತ್ತಿಡಬ್ಬಿ ಮುಟ್ಟದೆ ಹಾಗೇ ಇತ್ತು. ಅದರ ಕೆಳಗೆ ನಿನ್ನೆಯದು, ಹಳಸಿ ನಾರುತ್ತಿತ್ತು. ನನಗೆ ಮೊದಲೇ ಮೂಗಿನ ಮೇಲೆ ಕೋಪ. ಸತ್ತವರ ಹಿಂದೆ ಸಾಯೋಕಾಗುತ್ತಾ ಎಂದು ಜಾಡಿಸಿದೆ. ಅವಳು ಮುಚ್ಚಿಡಲಿಲ್ಲ. ಚುಚ್ಚಿಕೊಂಡು ಉಣ್ಣದೆ ಕೂತರೆ ದೊಡ್ಡಪ್ಪ ಬರುತ್ತಾರಂತೆ, ಅದೇ ಮೇಜಿನ ಹತ್ತಿರ ನಿಲ್ಲುತ್ತಾರಂತೆ.

"ಸಕ್ಕರೆ ತಿಂದ್ರೆ ಹೊರಟೋಗ್ತಾರೆ ಕಣೆ" ಎಂದಳು.

ಅಷ್ಟು ಹೇಳುವಷ್ಟರಲ್ಲೇ ನಾಲಿಗೆ ತೊದಲಿತು. ಸೂಜಿ ಕೈಜಾರಿ ನೆಲಕ್ಕೆ ಬಿತ್ತು. ನಾನು ಸಕ್ಕರೆ ಹಿಡಿದು ಓಡಿಬಂದರೆ ಅವಳು ಹಲ್ಲು ಕಚ್ಚಿ ಮುಖ ತಿರುಗಿಸಿದಳು. ಬೈದೆ, ಗೋಗರೆದೆ, ಅತ್ತೂಬಿಟ್ಟೆ. ಅವಳ ಕಣ್ಣು ಮೇಜಿನ ಮೇಲೇ ನೆಟ್ಟಿತ್ತು. ಬೇರೆ ದಾರಿ ಕಾಣದೆ ಕೇಳಿದೆ:

"ಏನ್ ಹೇಳ್ತಿದಾರೆ ದೊಡ್ಡಪ್ಪ?"

"ಬಾಯಿ ತೆಗಿ ಅಂತಾರೆ."

"ಬದುಕಿದ್ದಾಗ ಒಂದೇ ಮಾತಿಗೆ ತೆಗೀತಿದ್ದೆ. ಈಗ ಎಷ್ಟೊತ್ತು ಅವರನ್ನ ನಿಲ್ಲಿಸ್ತೀಯಾ ದೊಡ್ಡಮ್ಮಾ?"

ಅವಳು ಕಣ್ಣು ಮೇಜಿನಿಂದ ಕದಲಿಸದೆಯೇ ಬಾಯಿ ತೆರೆದಳು.

ಸಕ್ಕರೆ ಕರಗುವವರೆಗೂ ಅವಳ ಬೆನ್ನಿಗೆ ಆಸರೆಯಾಗಿ ಕೂತೆ. ಸ್ವಲ್ಪ ಹೊತ್ತಿಗೆ ಅವಳ ನೋಟ ಮೇಜಿನಿಂದ ನಿಧಾನವಾಗಿ ಬಾಗಿಲವರೆಗೆ ಸರಿದು ಅಲ್ಲಿ ನಿಂತಿತು. ನಾನೂ ತಿರುಗಿ ನೋಡಿದೆ, ನೋಡದೆ ಇರಲಾಗಲಿಲ್ಲ. ಬಾಗಿಲಲ್ಲಿ ಯಾರೂ ಇರಲಿಲ್ಲ.

"ಡಬ್ಬಿ ಕೊಡು" ಎಂದಳು ದೊಡ್ಡಮ್ಮ.