ಒತ್ತಿದರೆ ಬರುವ ಮಗಳು

ಮೀಟಿಂಗ್ ನಡೆಯುತ್ತಿತ್ತು. ಓಖ್ಲಾದ ನಮ್ಮ ಆಫೀಸಿನ ಗೋಡೆಯ ತುಂಬ ಒಂದು ಅಂಗಿಯ ಚಿತ್ರ. ಕಾಲರ್ ಮೇಲೆ ಕ್ಲಿಕ್ ಮಾಡಿದರೆ ಬಗೆಬಗೆಯ ಕಾಲರ್‌ಗಳು ಬರಬೇಕು, ಗುಂಡಿಯ ಮೇಲೆ ಮಾಡಿದರೆ ಗುಂಡಿ ಬದಲಾಗಬೇಕು. ಗಾರ್ಮೆಂಟ್ ಎಕ್ಸ್‌ಪೋರ್ಟ್ ಕಂಪನಿಯ ವೆಬ್‌ಸೈಟು. ಅವರೆಲ್ಲ ಎದುರಿಗೇ ಕೂತಿದ್ದರು. ನಾನು ತೋಳಿನವರೆಗೆ ಬಂದಿದ್ದೆ, ಅಷ್ಟರಲ್ಲಿ ಮೇಜಿನ ಮೇಲಿದ್ದ ನನ್ನ ಫೋನು ಬಡಿದುಕೊಂಡಿತು.

ಅದರಲ್ಲಿದ್ದದ್ದು ಒಂದೇ ಪದ. ನೋವು.

ಅಂಗಿಯನ್ನು ಒಂದು ತೋಳಿನಲ್ಲೇ ಬಿಟ್ಟು ಎದ್ದೆನೋ ಬಿದ್ದೆನೋ ಎಂದು ಮೆಟ್ರೋಗೆ ಓಡಿದೆ. ಜನಕಪುರಿಯಲ್ಲಿ ಲೈನ್ ಬದಲಿಸಿ, ದ್ವಾರಕಾದಲ್ಲಿ ಇಳಿದು, ಇ-ರಿಕ್ಷಾದವನಿಗೆ "ಭಯ್ಯಾ, ಜಲ್ದಿ, ಜಲ್ದಿ" ಎಂದು ಗೋಗರೆದು ಮನೆ ಮುಟ್ಟಿದರೆ, ಅಮ್ಮ ದಿಂಬಿಗೆ ಒರಗಿ ಮೋಸಂಬಿ ತಿನ್ನುತ್ತಿದ್ದಳು!

"ಎಲ್ಲಿ ನೋವು ಅಮ್ಮಾ? ತಲೆನಾ? ಎದೆನಾ?"

ಅಮ್ಮ ನನ್ನ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡಳು. ತನ್ನ ತಟ್ಟೆಯಿಂದ ಒಂದು ತೊಳೆ ತೆಗೆದು ನನ್ನ ಬಾಯಿಗಿಟ್ಟಳು.

ಈ ಅಂಕಣದ ಖಾಯಂ ಓದುಗರಿಗೆ ನನ್ನ ಅಮ್ಮ ಗೊತ್ತು. ಕೇಂದ್ರ ಸರ್ಕಾರದ ಗುಮಾಸ್ತರ ಹೆಂಡತಿಯಾಗಿ ದಿಲ್ಲಿಗೆ ಬಂದು, ಇಲ್ಲಿನ ತರಕಾರಿಯವರ ಜೊತೆ ಅವರದೇ ಹಿಂದಿಯಲ್ಲಿ ಜಗಳವಾಡಿ ಕೊತ್ತಂಬರಿ ಸೊಪ್ಪನ್ನು ಪುಕ್ಕಟೆ ಹಾಕಿಸಿಕೊಳ್ಳುತ್ತಿದ್ದವಳು. ಬಡಪೆಟ್ಟಿಗೆ ಜಗ್ಗುವವಳಲ್ಲ. ಅಪ್ಪ ಹೋದ ಮೇಲೂ ಜಗ್ಗಿರಲಿಲ್ಲ. ಹೋದ ಚಳಿಗಾಲದಲ್ಲಿ ಸ್ಟ್ರೋಕ್ ಆಯಿತು. ಬಲಗೈ ಹೋಯಿತು, ಮಾತೂ ಹೋಯಿತು. ಹಿಂದಿ ಪೂರ್ತಿ ಅಳಿಸಿಹೋಯಿತು. ಕನ್ನಡದಲ್ಲಿ ಉಳಿದದ್ದು "ಬೇಡ", "ಅಯ್ಯೋ", ಮತ್ತು ಯಾಕೋ ಏನೋ, "ಆಮೇಲೆ". ನೀರು ಬೇಕೆಂದರೂ ಆಮೇಲೆ, ಚಳಿಯಾದರೂ ಆಮೇಲೆ.

ಹಗಲು ನೋಡಿಕೊಳ್ಳುವ ಸುನೀತಾಳಿಗೆ ಕನ್ನಡ ಬಾರದು. ಅಮ್ಮ "ಆಮೇಲೆ, ಆಮೇಲೆ" ಎಂದು ಅಳುವುದು, ಸುನೀತಾ "ಕ್ಯಾ ಚಾಹಿಯೇ ಮಾತಾಜಿ?" ಎಂದು ಮನೆಯಲ್ಲಿರುವ ಒಂದೊಂದೇ ಸಾಮಾನು ಎತ್ತಿ ತೋರಿಸುವುದು. ಸಂಜೆ ನಾನು ಬರುವ ಹೊತ್ತಿಗೆ ಇಬ್ಬರೂ ಸೋತು ಒಂದೊಂದು ಮೂಲೆ ನೋಡುತ್ತಿರುತ್ತಿದ್ದರು.

ಊರಿಗೆಲ್ಲ ಕ್ಲಿಕ್ ಮಾಡುವ ಚಿತ್ರ ಮಾಡಿಕೊಡುವವಳು ನಾನು. ಮನೆಗೊಂದು ಮಾಡಬಾರದೇ?

ಮಾಡಿದೆ. ಹಳೆಯ ಟ್ಯಾಬ್ಲೆಟ್‌ನಲ್ಲಿ ತೆರೆದುಕೊಳ್ಳುವ ಒಂದು ವೆಬ್ ಪೇಜು. ಮೊದಲ ಸಲ ಬಹಳ ಜಾಣತನ ತೋರಿಸಲು ಹೋದೆ. ಅಮ್ಮನ ಕೋಣೆಯದೇ ಒಂದು ಫೋಟೋ ತೆಗೆದು, ಅದರೊಳಗಿನ ಫ್ಯಾನು, ಟೀವಿ, ನೀರಿನ ಜಗ್ಗು, ಕಿಟಕಿ ಇವಕ್ಕೆಲ್ಲ ಸುತ್ತ ಗೆರೆ ಎಳೆದು ಜಾಗ ಗುರುತು ಮಾಡಿದೆ. ಫೋಟೋದಲ್ಲಿನ ಫ್ಯಾನು ಮುಟ್ಟಿದರೆ "ಪಂಖಾ ಚಲಾ ದೋ" ಎಂದು ದನಿ ಬರುತ್ತದೆ. ದನಿ ನನ್ನ ಮಗಳು ಅನನ್ಯಾಳದ್ದು. (ದ್ವಾರಕಾದಲ್ಲೇ ಹುಟ್ಟಿ ಹತ್ತನೇ ಕ್ಲಾಸಿಗೆ ಬಂದವಳು. ಅವಳ ಹಿಂದಿಗೆ ಸುನೀತಾ ಕೂಡ ತಲೆದೂಗುತ್ತಾಳೆ. ಅವಳ ಕನ್ನಡಕ್ಕೆ ನಾನು ತಲೆ ಚಚ್ಚಿಕೊಳ್ಳುತ್ತೇನೆ.)

ಅಮ್ಮ ಎಡಗೈ ಬೆರಳು ಎತ್ತಿದಳು. ಫ್ಯಾನು ಮುಟ್ಟಲಿಲ್ಲ. ಟೀವಿ ಮುಟ್ಟಲಿಲ್ಲ. ಗೋಡೆಯ ಮೇಲಿದ್ದ ಅಪ್ಪನ ಫೋಟೋ ಮುಟ್ಟಿದಳು. ಏನೂ ಆಗಲಿಲ್ಲ. ಮತ್ತೆ ಮುಟ್ಟಿದಳು. ನನ್ನ ಮುಖ ನೋಡಿದಳು. ಅಲ್ಲಿ ನಾನು ಯಾವ ಗೆರೆಯನ್ನೂ ಎಳೆದಿರಲಿಲ್ಲ. ಎಳೆದಿದ್ದರೂ ಅನನ್ಯಾಳ ದನಿಯಲ್ಲಿ ಏನು ಹೇಳಿಸುತ್ತಿದ್ದೆ, ಹೇಳಿ?

ಆ ಪೇಜು ಅಳಿಸಿದೆ. ಬಿಡಿ ಬಿಡಿ ಚಿತ್ರಗಳನ್ನು ಮಾಡಿದೆ. ಇಂಟರ್ನೆಟ್ಟಿನಿಂದ ಎತ್ತಿದ ಕಾಫಿ ಮಗ್ಗನ್ನು ಅಮ್ಮ ಗುರುತಿಸಲೇ ಇಲ್ಲ, ಅದಕ್ಕೇ ಅವಳದೇ ಲೋಟ, ಅವಳದೇ ಡಬರಿಯ ಫೋಟೋ ಹಾಕಿದೆ. ಬಾತ್‌ರೂಮಿಗೆ ನಮ್ಮ ಹಸಿರು ಬಕೆಟ್ಟು. ಬೆರಳು ನಡುಗಿ ಪಕ್ಕದ ಚಿತ್ರದ ಮೇಲೆ ಬೀಳುತ್ತಿತ್ತು, ಅಂತರ ಹೆಚ್ಚಿಸಿದೆ. ಕೈ ಸುಮ್ಮನೆ ತಾಗಿದರೂ ಕೂಗುತ್ತಿತ್ತು, ಕೊಂಚ ಹೊತ್ತು ಒತ್ತಿ ಹಿಡಿದರೆ ಮಾತ್ರ ಎಂದು ಬದಲಿಸಿದೆ. ಒತ್ತಿದ್ದು ತಿಳಿಯಲೆಂದು ಅಂಚು ಹಸಿರಾಗುವಂತೆ ಮಾಡಿದೆ. ಅಂಗಿಯ ಕಾಲರ್‌ಗೆ ನಾನು ಇಷ್ಟು ಪ್ರೀತಿಯಿಂದ ಎಂದೂ ಕೆಲಸ ಮಾಡಿದವಳಲ್ಲ.

ಅಮ್ಮ ಕಲಿತಳು. ಡಬರಿ ಒತ್ತಿದಾಗ ಕಾಫಿ ಬಂದ ದಿನ ಅವಳು ಜೋರಾಗಿ ನಕ್ಕಳು. ಸುನೀತಾ ಅತ್ತಳು. ನನಗಂತೂ ಈ ಕೆಲಸ ಕಲಿತದ್ದು ಸಾರ್ಥಕವಾಯಿತು ಅನ್ನಿಸಿತು.

ಕೊನೆಯ ಚಿತ್ರ ನೋವಿನದು. ಹಣೆ ಹಿಡಿದುಕೊಂಡು ಮುಖ ಕಿವುಚಿದ ಅನನ್ಯಾ. ಅದನ್ನು ಒತ್ತಿದರೆ ಸುನೀತಾಳಿಗೆ ಹಿಂದಿಯಲ್ಲಿ ಕೇಳಿಸುತ್ತದೆ, ಜೊತೆಗೆ ನನ್ನ ಫೋನಿಗೂ ಅಲರ್ಟ್ ಬರುತ್ತದೆ. ನನ್ನ ಫೋನಿಗೆ ಬರುವುದು ಅದೊಂದೇ.

ಈಗ ಮೊದಲು ಹೇಳಿದ ಅಂಗಿಯ ದಿನಕ್ಕೆ ಬರುತ್ತೇನೆ. ಆ ವಾರದಲ್ಲೇ ಇನ್ನೆರಡು ಸಲ ನೋವು ಬಂತು. ಎರಡು ಸಲವೂ ಓಡಿದೆ. ಡಾಕ್ಟರು ಅಂಗುಲ ಅಂಗುಲ ಒತ್ತಿ ನೋಡಿದರು. ಏನೂ ಇಲ್ಲ. ನಾನು ಇನ್ನೊಂದು ಸ್ಕ್ಯಾನ್ ಮಾಡಿಸೋಣ ಎಂದು ಫೋನಿನಲ್ಲಿ ಹೇಳುತ್ತಿದ್ದಾಗ ಅನನ್ಯಾ ಪುಸ್ತಕದಿಂದ ತಲೆ ಎತ್ತಿದಳು.

"ಮಮ್ಮಾ, ಯೂ ಆರ್ ಸೋ ಸ್ಲೋ. ಅಜ್ಜಿಗೆ ಪೇನ್ ಇಲ್ಲ. ವೋ ಬಟನ್ ದಬಾನೇ ಸೇ ನೀನು ಬರ್ತೀಯಲ್ಲ, ಅದಕ್ಕೆ."

ನೀರು, ಕಾಫಿ, ಊಟ, ಬಕೆಟ್ಟು. ಅಮ್ಮ ಬಯಸಬಹುದಾದದ್ದನ್ನೆಲ್ಲ ಕೂತು ಯೋಚಿಸಿ ಚಿತ್ರ ಮಾಡಿದ್ದೆ. ಅವಳಿಗೆ ನಾನು ಬೇಕಾಗಬಹುದು ಎಂಬುದು ಮಾತ್ರ ಹೊಳೆದಿರಲಿಲ್ಲ. ಅದಕ್ಕೆ ಚಿತ್ರವಿಲ್ಲದ್ದರಿಂದ, ಪಾಪ, ಅಮ್ಮ ನೋವು ಒತ್ತುತ್ತಿದ್ದಳು.

ಅವತ್ತೇ ನನ್ನ ಫೋಟೋ ಸೇರಿಸಿದೆ. ನೋವಿಗೆ ನೋವು, ಮಗಳಿಗೆ ಮಗಳು, ಎರಡೂ ಬೇರೆ ಬೇರೆ ಇರಲಿ ಎಂದು. ಒತ್ತಿದರೆ ನನ್ನದೇ ದನಿ: "ಬಂದೆ ಅಮ್ಮಾ." ಫೋನಿಗೆ ಅಲರ್ಟ್. ನಾನು ಕೂಡಲೇ ವಿಡಿಯೋ ಕಾಲ್ ಮಾಡುವುದು, ಸಾಧ್ಯವಾದ ದಿನ ಬೇಗ ಹೊರಡುವುದು. ಎಷ್ಟು ಸರಳ!

ಅಮ್ಮ ಎದ್ದೊಡನೆ ಒತ್ತಿದಳು. ನಾನು ಮೆಟ್ರೋ ಹತ್ತುವ ಮೊದಲೇ ಒತ್ತಿದಳು. ಊಟದ ಹೊತ್ತಿಗೆ, ಟೀವಿಯಲ್ಲಿ ಜಾಹೀರಾತು ಬಂದಾಗ, ಪಕ್ಕದ ಮನೆಯ ಕುಕ್ಕರ್ ಕೂಗಿದಾಗ ಒತ್ತಿದಳು. ಮೀಟಿಂಗಿನಲ್ಲಿ ನನ್ನ ಫೋನು ಮೇಜಿನ ಮೇಲೆ ನಡುಗುತ್ತಲೇ ಇರುತ್ತಿತ್ತು. ಮ್ಯಾನೇಜರ್ ಒಂದು ದಿನ ಪಕ್ಕಕ್ಕೆ ಕರೆದು, "ಮನೆಯಲ್ಲಿ ಎವೆರಿಥಿಂಗ್ ಓಕೆ?" ಎಂದು ಕೇಳಿದ. ಕೆಲಸ ಮಾಡುವ ಹೆಂಗಸರಿಗೆ ಆ ದನಿಯ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಅಂಗಿಯ ಕೆಲಸ ಆಗಲೇ ಬೇರೆಯವರ ಕೈಗೆ ಹೋಗಿತ್ತು.

ವಿಡಿಯೋ ಕಾಲ್ ಮಾಡಿದರೆ ಅಮ್ಮ ತಲೆ ಅಡ್ಡಡ್ಡ ಆಡಿಸಿ "ಬೇಡ, ಬೇಡ" ಎನ್ನುತ್ತಿದ್ದಳು. ಅವಳಿಗೆ ಬೇಕಾದದ್ದು ಇನ್ನೊಂದು ಪರದೆಯಲ್ಲ. ಬಾಗಿಲು ತೆರೆದು ಒಳಗೆ ಬರುವ ನಾನು. ಅದೆಲ್ಲಿಂದ ತರಲಿ? ಕೆಲಸ ಬಿಟ್ಟರೆ ಮನೆ ಬಾಡಿಗೆ ಯಾರು ಕಟ್ಟುತ್ತಾರೆ, ಸುನೀತಾಳ ಸಂಬಳ ಯಾರು ಕೊಡುತ್ತಾರೆ? (ಅನನ್ಯಾಳ ಅಪ್ಪನ ವಿಷಯ ಕೇಳಬೇಡಿ. ಹಡಗಿನ ಕೆಲಸ. ಅವರು ಮನೆಗೆ ಬರುವುದು ವರ್ಷಕ್ಕೊಮ್ಮೆ ಬರುವ ಹಬ್ಬದ ಹಾಗೆ.)

ಒಂದು ಮಧ್ಯಾಹ್ನ ಆಫೀಸಿನಲ್ಲೇ ಕೂತು ಆ ಪೇಜಿನ ಕೋಡ್ ತೆರೆದೆ. ನನ್ನ ಫೋನಿಗೆ ಅಲರ್ಟ್ ಕಳಿಸುವುದು ಒಂದೇ ಒಂದು ಸಾಲು. ಅದರ ಮುಂದೆ ಎರಡು ಓರೆ ಗೀಟು ಹಾಕಿದೆ. ನಮ್ಮ ಕೆಲಸದಲ್ಲಿ ಸಾಲನ್ನು ಅಳಿಸುವುದಿಲ್ಲ, ಹೀಗೆ ಗೀಟು ಹಾಕಿ ಮಲಗಿಸುತ್ತೇವೆ. ಸಾಲು ಅಲ್ಲೇ ಇರುತ್ತದೆ, ಏನೂ ಮಾಡುವುದಿಲ್ಲ. ಉಳಿದದ್ದನ್ನೆಲ್ಲ ಹಾಗೇ ಬಿಟ್ಟೆ. ಅಮ್ಮ ಒತ್ತಿದರೆ ನನ್ನ ಫೋಟೋದ ಅಂಚು ಹಸಿರಾಗುತ್ತದೆ. "ಬಂದೆ ಅಮ್ಮಾ" ಎಂದು ಕೇಳಿಸುತ್ತದೆ. ಅಷ್ಟೇ.

ಬೈಯುತ್ತೀರಾ? ಬೈಯಿರಿ. ಆದರೆ ನೀವು ದಿನವೂ ಒತ್ತುವ ಬಟನ್‌ಗಳನ್ನು ಒಮ್ಮೆ ನೆನೆಸಿಕೊಳ್ಳಿ. ಲಿಫ್ಟಿನ ಬಾಗಿಲು ಮುಚ್ಚಲು ಒತ್ತಿ ಒತ್ತಿ ಬೆರಳು ಸವೆಸುತ್ತೀರಲ್ಲ, ಅದಕ್ಕೆ ವೈರ್ ಜೋಡಿಸಿದ್ದಾರೆಂದು ಗೊತ್ತೇ? ನಮ್ಮ ಸೊಸೈಟಿಯ ಆ್ಯಪ್‌ನಲ್ಲಿ ನೀರು ಬಂದಿಲ್ಲವೆಂದು ಒತ್ತಿದರೆ ಎರಡೇ ಕ್ಷಣದಲ್ಲಿ ಹಸಿರು ಟಿಕ್ ಬೀಳುತ್ತದೆ. ನೀರು ಬೀಳುವುದಿಲ್ಲ. ಬ್ಯಾಂಕಿನ ಬಾಗಿಲಲ್ಲಿ ನಗುಮುಖ, ಅಳುಮುಖ ಇಟ್ಟು ಒತ್ತಿ ಎನ್ನುತ್ತಾರೆ. ಅಳುಮುಖ ಒತ್ತಿ ಬಂದವರ ಮನೆಗೆ ಯಾರಾದರೂ ಫೋನು ಮಾಡಿದ್ದುಂಟೇ? ಒಳಗಿನವಳಾಗಿ ಹೇಳುತ್ತೇನೆ, ನಮ್ಮ ಕಸುಬಿನ ಅರ್ಧ ಕೆಲಸ ಇದೇ. ಒತ್ತಿದವರಿಗೆ ಯಾರೋ ಕೇಳಿಸಿಕೊಂಡರು ಅನ್ನಿಸಬೇಕು, ಅವರು ಸಮಾಧಾನದಿಂದ ಎದ್ದು ಹೋಗಬೇಕು. ನನ್ನಮ್ಮನಿಗೆ ಎದ್ದು ಹೋಗಲು ಆಗುವುದಿಲ್ಲ, ಅಷ್ಟೇ ವ್ಯತ್ಯಾಸ.

ಮೊದಲ ದಿನ ಸಂಜೆ ಅನನ್ಯಾಳನ್ನು ಕೇಳಿದೆ. "ಅಜ್ಜಿ ಖುಷಿಯಾಗಿದ್ದಾರಾ?"

"ಒತ್ತುತ್ತಾರೆ, ಫಿರ್ ದರ್ವಾಜಾ ನೋಡ್ತಾರೆ. ಮತ್ತೆ ಒತ್ತುತ್ತಾರೆ," ಎಂದಳು. ಆಮೇಲೆ ನನ್ನ ಮುಖ ನೋಡದೆ, "ನೀನೇನೋ ಚೇಂಜ್ ಮಾಡಿದ್ಯಾ, ಮಮ್ಮಾ?"

ನಾನು ಇಲ್ಲ ಎಂದೆ.

ಕೆಲವು ದಿನ ಹೀಗೇ ನಡೆಯಿತು. ನನ್ನ ಫೋನು ತಣ್ಣಗಾಯಿತು. ಮ್ಯಾನೇಜರ್ ಮತ್ತೆ ಜೋಕು ಹೇಳತೊಡಗಿದ. ಆಮೇಲೆ ಅಮ್ಮ ನನ್ನ ಫೋಟೋ ಒತ್ತುವುದನ್ನು ನಿಲ್ಲಿಸಿದಳು. ನಾನು ಒಳಗೊಳಗೇ ನಿರಾಳವಾದೆ. ಅಭ್ಯಾಸವಾಗಿರಬೇಕು ಅಂದುಕೊಂಡೆ. ಬೇಕಾದದ್ದನ್ನು ಅಂದುಕೊಳ್ಳುವುದರಲ್ಲಿ ನಮ್ಮನ್ನು ಮೀರಿಸುವವರಿಲ್ಲ.

ಅದೇ ಹೊತ್ತಿಗೆ ಸುನೀತಾ ತಂಗಿಯ ಮದುವೆಗೆಂದು ಊರಿಗೆ ಹೋದಳು. ಏಜೆನ್ಸಿಯಿಂದ ಬೇರೊಬ್ಬಳು ಬಂದಳು. ಸ್ನಾನದ ಬದಲು ಮುಖ, ಕೈಕಾಲು ಒರೆಸಿ ಮುಗಿಸುತ್ತಿದ್ದಳು. ಅಮ್ಮ ಏನೂ ಕೇಳುವುದಿಲ್ಲ, ಬಹಳ ಶಾಂತ, "ಬಹುತ್ ಅಚ್ಛೀ ಹೈಂ" ಎಂದು ದಿನವೂ ಹೊಗಳುತ್ತಿದ್ದಳು. ಟ್ಯಾಬ್ಲೆಟ್ ಮೇಜಿನ ಮೇಲೆ ಬೋರಲು ಬಿದ್ದಿರುತ್ತಿತ್ತು. ನಾನು ಸಂಜೆ ಬಂದು ಅದನ್ನು ಚಾರ್ಜಿಗೆ ಹಾಕುತ್ತಿದ್ದೆ. ಚಾರ್ಜು ಇಳಿದೇ ಇರುತ್ತಿರಲಿಲ್ಲ. ಇಳಿದಿಲ್ಲ ಯಾಕೆಂದು ನಾನು ಕೇಳಿಕೊಳ್ಳಲಿಲ್ಲ.

ಕಳೆದ ಬುಧವಾರ ಸುನೀತಾ ವಾಪಸು ಬಂದಳು. ಬಂದವಳೇ ಅಮ್ಮನಿಗೆ ಸ್ನಾನ ಮಾಡಿಸಲು ಹೋದಳು. ಒಳಗಿನಿಂದ ಕೂಗಿದಳು, "ದೀದಿ! ಇಧರ್ ಆಓ!"

ಅಮ್ಮನ ಟೊಂಕದ ಕೆಳಗೆ ಅಂಗೈಯಷ್ಟು ಅಗಲದ ಹುಣ್ಣು. ಒಂದೇ ಭಂಗಿಯಲ್ಲಿ ಕೂತು ಕೂತು ಚರ್ಮ ಸುಲಿದು, ನಡುವೆ ಕಪ್ಪಾಗಿತ್ತು. ಸುನೀತಾ ಬಟ್ಟೆ ಸರಿಸಿದಾಗ ಅಮ್ಮ ಹಲ್ಲು ಕಚ್ಚಿಕೊಂಡಳು, ಬಾಯಿ ಬಿಡಲಿಲ್ಲ. ಡಾಕ್ಟರು ನೋಡಿ, "ಇದು ನಿನ್ನೆ ಮೊನ್ನೆಯದಲ್ಲ. ತುಂಬಾ ನೋವಿರುತ್ತೆ. ಅವರು ಹೇಳಲೇ ಇಲ್ವಾ?" ಎಂದು ಕೇಳಿದರು.

ಹೇಳಬಹುದಿತ್ತು. ನೋವಿನ ಚಿತ್ರದ ಸಾಲಿಗೆ ನಾನು ಗೀಟು ಹಾಕಿರಲಿಲ್ಲ. ಅದು ಸರಿಯಾಗಿಯೇ ಇತ್ತು, ಈಗಲೂ ಇದೆ. ಒತ್ತಿದ್ದರೆ ಓಖ್ಲಾದಲ್ಲಿ ನನ್ನ ಫೋನು ಬಡಿದುಕೊಳ್ಳುತ್ತಿತ್ತು, ನಾನು ಓಡಿ ಬರುತ್ತಿದ್ದೆ. ಆದರೆ ಒತ್ತಿದರೆ ಯಾರೂ ಬರುವುದಿಲ್ಲ ಎಂದು ಅಮ್ಮನಿಗೆ ಕಲಿಸಿದ್ದು ನಾನೇ. ಯಾವ ಚಿತ್ರದ ಹಿಂದೆ ಏನಿದೆ, ಯಾವುದರ ಹಿಂದೆ ಏನೂ ಇಲ್ಲ ಎಂದು ಅವಳಿಗೆ ಹೇಗೆ ಗೊತ್ತಾಗಬೇಕು? ಒಂದು ಸುಳ್ಳಾದ ಮೇಲೆ ಅವಳು ಎಲ್ಲವನ್ನೂ ಕೈಬಿಟ್ಟಿದ್ದಳು.

ಆ ಎರಡು ಗೀಟನ್ನು ಅವತ್ತೇ ಅಳಿಸಿದೆ. ಟ್ಯಾಬ್ಲೆಟ್ ತಂದು ಅಮ್ಮನ ಮಡಿಲಲ್ಲಿಟ್ಟೆ. ಅವಳ ಬೆರಳು ಹಿಡಿದು ನೋವಿನ ಚಿತ್ರದ ಮೇಲೆ ಒತ್ತಿಸಿದೆ. ನನ್ನ ಜೇಬಿನಲ್ಲಿ ಫೋನು ಬಡಿದುಕೊಂಡಿತು. ತೆಗೆದು ತೋರಿಸಿದೆ. "ನೋಡಮ್ಮಾ, ಬಂತು, ನೋಡು." ಅಮ್ಮ ಫೋನನ್ನು ನೋಡಲಿಲ್ಲ. ಕೈ ಬಿಡಿಸಿಕೊಂಡು, ಟ್ಯಾಬ್ಲೆಟ್ಟನ್ನು ಬೋರಲು ಹಾಕಿ ಪಕ್ಕಕ್ಕೆ ಸರಿಸಿದಳು.

"ಆಮೇಲೆ," ಎಂದಳು.

ನೋವಿನ ಚಿತ್ರ ಸುಳ್ಳಲ್ಲ ಎಂದು ನಾನೀಗ ಅಮ್ಮನಿಗೆ ಯಾವ ಚಿತ್ರ ತೋರಿಸಿ ಹೇಳಲಿ?