ಅಲುಗಾಡದವರ ದೀಪ

ತಪ್ಪು ನನ್ನದೇ, ಮೊದಲೇ ಹೇಳಿಬಿಡುತ್ತೇನೆ. ಮನುಷ್ಯರಿದ್ದರೆ ಉರಿಯುವ, ಇಲ್ಲದಿದ್ದರೆ ತಾನೇ ಆರುವ ದೀಪಗಳನ್ನು ನಾನು ಪರೀಕ್ಷೆ ಮಾಡಿದ್ದು ನನ್ನ ಮೈಯನ್ನೇ ಮುಂದಿಟ್ಟುಕೊಂಡು. ನನ್ನ ಮೈಯೋ, ಹುಟ್ಟಿದಾಗಿನಿಂದ ಒಂದು ಕಡೆ ಸುಮ್ಮನೆ ಕೂತದ್ದೇ ಇಲ್ಲ. ಕಟಿಂಗ್ ಮಾಡಿಸಿಕೊಳ್ಳಲು ಕೂತಾಗಲೂ ಕತ್ತರಿ ಹಿಡಿದವನ ಅಣಕು ಮಾಡಿ ಕಿವಿ ಕೊಯ್ಯಿಸಿಕೊಂಡವನು ನಾನು.

ಕೊಗನೊಳ್ಳಿಯ ಹೆದ್ದಾರಿಯಿಂದ ಒಳಗೆ ತಿರುಗಿದರೆ ಸಿಗುವ ನಮ್ಮೂರಲ್ಲಿ ಸಾವಕಾರರೊಬ್ಬರ ಹಳೆಯ ತಂಬಾಕಿನ ಗೋದಾಮು ಖಾಲಿ ಬಿದ್ದಿತ್ತು. ನೌಕರಿಯ ಪರೀಕ್ಷೆಗಳಿಗೆ ಓದುವ ಹುಡುಗ ಹುಡುಗಿಯರಿಗೆ ಅವರು ಅದನ್ನು ಬಿಟ್ಟುಕೊಟ್ಟರು. ಗಡಿಯ ಮರಾಠಿಯಲ್ಲಿ ಎಲ್ಲರೂ ಅದನ್ನು ಅಭ್ಯಾಸಿಕಾ ಎಂದೇ ಕರೆದರು. ಕಟ್ಟಡಗಳಿಗೆ ಕಡಿಮೆ ಕರೆಂಟಿನ ಬೆಳಕು ಯೋಜಿಸುವುದು ನನ್ನ ಕಸುಬು. ಊರಿನವನೆಂದು ನನಗೇ ಕೆಲಸ ಒಪ್ಪಿಸಿದರು. ಗೋಡೆಗಳಿಂದ ತಂಬಾಕಿನ ಘಾಟು ಇನ್ನೂ ಹೋಗಿರಲಿಲ್ಲ. ಅಳತೆಗೆ ಹೋದ ದಿನ ಅಳೆದದ್ದಕ್ಕಿಂತ ಸೀನಿದ್ದೇ ಹೆಚ್ಚು.

ಗೋಡೆಗಳಿಗೆ ಸುಣ್ಣ ಹೊಡೆಸಿದೆ. ಛಾವಣಿಯಲ್ಲಿ ಅಲ್ಲಲ್ಲಿ ಗಾಜಿನ ಹಂಚು ಕೂರಿಸಿದ ಮೇಲೆ ಹಗಲಿಗೆ ದೀಪವೇ ಬೇಡವಾಯಿತು. ಸಂಜೆಗೆಂದು, ಅಷ್ಟೆತ್ತರದಲ್ಲಿ ದೊಡ್ಡ ಲೈಟು ಹಾಕಿ ಜಂತಿಗೆ ಬೆಳಕು ಕುಡಿಸುವ ಬದಲು, ಪ್ರತಿ ಮೇಜಿನ ಮೇಲೂ ಒಂದೊಂದು ಸಣ್ಣ ದೀಪವನ್ನು ಇಳಿಬಿಟ್ಟೆ. ಸೋಲಾರ್ ಬ್ಯಾಟರಿಯೊಂದರಲ್ಲೇ ಸಂಜೆಯೆಲ್ಲ ಸಾಗಬೇಕು, ಕರೆಂಟು ಹೋದಾಗ ಯಾರೂ ಜನರೇಟರಿನ ಡೀಸೆಲ್ ಹೊಗೆ ನುಂಗುತ್ತ ಓದಬಾರದು ಎಂಬುದು ನನ್ನ ಹಟ. ಎದ್ದುಹೋದವರ ಮೇಜಿನ ದೀಪ ವ್ಯರ್ಥ ಉರಿಯದಿರಲೆಂದು ಎಲ್ಲದಕ್ಕೂ ಅಲುಗಾಟ ಗುರುತಿಸುವ ಸೆನ್ಸರ್ ಜೋಡಿಸಿದೆ.

ವೈರಿಂಗ್ ನನ್ನ ದೋಸ್ತನದು. ಶಾಲೆಯಲ್ಲಿ ನಮ್ಮದು ಒಂದೇ ಬೆಂಚು. ನಾನು ಯಾರ ಅಣಕು ಮಾಡಿದರೂ ಮೊದಲ ನಗು ಅವನದೇ; ಆ ನಗುವಿಲ್ಲದಿದ್ದರೆ ನಾನು ಬರೀ ಗದ್ದಲ. ದೀಪಗಳ ಪರೀಕ್ಷೆಯ ದಿನ ಮೇಜಿಗೆ ಕೂತು, ಸಾವಕಾರರು ಎಲೆ ಅಡಿಕೆ ಜಗಿಯುತ್ತ ಭಾಷಣ ಮಾಡುವುದನ್ನು ಮಾಡಿ ತೋರಿಸಿದೆ. ಕಬ್ಬಿನ ಟ್ರ್ಯಾಕ್ಟರಿನ ಡ್ರೈವರ್ ತಿರುವಿನಲ್ಲಿ ಹಿಂತಿರುಗಿ ನೋಡುವುದನ್ನು ಮಾಡಿದೆ. ಏಣಿ ಹತ್ತಿದ ಮೇಲೆ ಸ್ಕ್ರೂಡ್ರೈವರ್ ಹುಡುಕುವ ದೋಸ್ತನನ್ನೂ ಬಿಡಲಿಲ್ಲ. ದೀಪ ಆರಲೇ ಇಲ್ಲ.

“ಪಾಸ್ ಆತು ಲೇ!” ಎಂದು ಅವನು ಹೊಟ್ಟೆ ಹಿಡಿದುಕೊಂಡು ನಕ್ಕ.

ಉದ್ಘಾಟನೆ ಮುಗಿಸಿ ನಾನು ಬೇರೆ ಕೆಲಸಕ್ಕೆ ಅಥಣಿಗೆ ಹೋದೆ. ಆಗಾಗ ಫೋನು ಮಾಡಿ ಕೇಳಿದರೆ, “ಎಲ್ಲಾ ಝಕಾಸ್ ಐತಿ ದೋಸ್ತ. ಹುಡುಗ್ರು ನಿನ್ನ ಹೆಸರ ಹೇಳಿ ಓದಾಕತ್ತಾರ” ಎನ್ನುತ್ತಿದ್ದ.

ಸಾವಕಾರರು ಅಭ್ಯಾಸಿಕಾದಲ್ಲಿ ಸಭೆ ಸೇರಿಸಿ ನನ್ನನ್ನು ಕರೆಸಿದಾಗ ಶಾಲು ಹೊದಿಸುತ್ತಾರೆಂದೇ ಇಸ್ತ್ರಿ ಅಂಗಿ ಹಾಕಿಕೊಂಡು ಹೋದೆ. ‘ಇದೆಲ್ಲ ಯಾಕ್ರಿ’ ಎನ್ನುವ ಮುಖವನ್ನೂ ಕನ್ನಡಿಯ ಮುಂದೆ ತಯಾರು ಮಾಡಿಕೊಂಡಿದ್ದೆ. ಒಳಗೆ ನೋಡಿದರೆ ಗೋಡೆಗೊರಗಿಸಿ ದೊಡ್ಡ ದೊಡ್ಡ ಫ್ಲಡ್‌ಲೈಟಿನ ಡಬ್ಬಿಗಳು. ಮೇಲೆ ನಿಪ್ಪಾಣಿಯಲ್ಲಿರುವ ದೋಸ್ತನ ಮಾವನ ಅಂಗಡಿಯ ಚೀಟಿ.

“ಹಚ್ಚಿದ ದೀಪ ತಾನ ಶಾಂತ ಆಗೂದು ಚಲೋ ಅಲ್ಲಪಾ ತಮ್ಮಾ” ಎಂದರು ಸಾವಕಾರರು. “ಓದೂದ್ರಾಗ ಮುಳುಗಿ ಸುಮ್ನ ಕುಂತ್ರ ಸಾಕು, ನಿನ್ನ ದೀಪಕ್ಕ ಅಲ್ಲಿ ಮನಷ್ಯಾರ ಇಲ್ಲ. ಹುಡುಗ್ರು ಓದಾಕ ಬರ್ತಾರೋ, ನೊಣಾ ಹೊಡಿಯಾಕ ಬರ್ತಾರೋ? ಬರೇ ಕೈ ಬೀಸೂದ!”

ನಾನು ದೋಸ್ತನ ಮುಖ ನೋಡಿದೆ. ಅವನು ಸಾವಕಾರರ ಮುಖ ನೋಡುತ್ತ ಎದ್ದು ನಿಂತ. “ನಾ ಮೊದ್ಲ ಹೇಳಿದ್ದೆ ರೀ. ಇಂವಾ ಕೇಳಬೇಕಲ್ಲ?” ಎಂದವನೇ ಕುತ್ತಿಗೆ ವಾರೆ ಮಾಡಿ, ಎರಡೂ ಕೈಯಿಂದ ಗಾಳಿ ಕಲೆಸುತ್ತ ನನ್ನ ದನಿ ತೆಗೆದ: “ಬೆಳಕು ಪುಸ್ತಕಕ್ಕ ಬೇಕ್ರಿ, ಜಂತಿಗಲ್ಲ! ಜಂತಿ ಏನ್ ಪರೀಕ್ಷಾ ಬರಿಯೂದೈತೇನ್ರಿ?”

ಸಭೆ ಬಿದ್ದು ಬಿದ್ದು ನಕ್ಕಿತು. ಹಾಳಾದವನು ಚೆನ್ನಾಗಿಯೇ ಮಾಡಿದ್ದ. ಮಾತಿನ ಕೊನೆಗೆ ಮೂಗು ಎಳೆಯುವ ಚಟ ನನಗಿದೆಯೆಂದು ನನಗೇ ಗೊತ್ತಿರಲಿಲ್ಲ. ಅವನು ಅದನ್ನೂ ಎಳೆದ. ಆ ಜಂತಿಯ ಮಾತನ್ನು ನಾನು ಅವನೊಬ್ಬನಿಗೇ ಆಡಿದ್ದೆ, ಏಣಿಯ ಬುಡದಲ್ಲಿ ಒಂದು ಚಹಾವನ್ನು ಇಬ್ಬರೂ ಹಂಚಿಕೊಂಡು ಕುಡಿಯುವಾಗ. ಇಷ್ಟು ವರ್ಷ ಅವನು ಪಕ್ಕದಲ್ಲಿ ನಗುತ್ತ ಕೂತಿದ್ದನೋ, ಕಲಿಯುತ್ತ ಕೂತಿದ್ದನೋ? “ಯಾವಾಗ ಹೇಳಿದ್ದಿ ಲೇ ನನಗ?” ಎಂದು ಕೇಳಲು ಬಾಯಿ ತೆರೆದೆ. ಊರಿನವರದೆಲ್ಲ ದನಿ ಇಟ್ಟುಕೊಂಡವನಿಗೆ ತನ್ನದೊಂದು ಸಿಗಲಿಲ್ಲ.

ಆಗ ಹಿಂದಿನ ಮೇಜಿನಿಂದ, ಪೊಲೀಸ್ ಪರೀಕ್ಷೆಗೆ ಓದುತ್ತಿದ್ದ ಹುಡುಗಿಯೊಬ್ಬಳು ಎದ್ದಳು. “ಮೊದಲನೇ ವಾರದಾಗ ನಾವು ಹೇಳಿದ್ವಿ ರೀ, ಇವರಿಗೆ” ಎಂದು ದೋಸ್ತನ ಕಡೆ ಬೆರಳು ಮಾಡಿದಳು. “‘ಅಂವಗ ತಿಳಸ್ತೀನಿ, ಅಲ್ಲೀಮಟ ಕೈ ಬೀಸ್ರಿ’ ಅಂದ್ರು. ಈಗ ಈ ದೊಡ್ಡ ಲೈಟ್ ಹಾಕಿದ್ರ ಬ್ಯಾಟರಿ ಎಷ್ಟೊತ್ತು ಬರ್ತೈತ್ರಿ?”

ದೋಸ್ತ ಡಬ್ಬಿಗಳನ್ನು ನೋಡಿದ. “ಒಂದ ತಾಸೂ ಬರೂದಿಲ್ಲ” ಎಂದೆ. ಅಂತೂ ದನಿ ಬಂತು. “ಆಮ್ಯಾಲ ಜನರೇಟರ್ರ ಗತಿ. ಸೆನ್ಸರ್ ಎಲ್ಲಾ ನಾನ ಕಿತ್ತ ಹಾಕ್ತೀನ್ರಿ ಸಾವಕಾರ್ರ, ಮೇಜಿಗೊಂದು ಸ್ವಿಚ್ ಕೊಡ್ತೀನಿ. ದೀಪ ಇವ ಇರಲಿ.”

ಇಂದಿಗೂ ಅಲ್ಲಿ ಅವೇ ದೀಪಗಳಿವೆ. ಡಬ್ಬಿಗಳು ಬಂದ ಟೆಂಪೋದಲ್ಲೇ ನಿಪ್ಪಾಣಿಗೆ ವಾಪಸಾದವು. ದೋಸ್ತನೂ ನಾನೂ ಎದುರಾದರೆ ಈಗ ಇಬ್ಬರೂ ಮೊಬೈಲು ನೋಡಿಕೊಳ್ಳುತ್ತೇವೆ. ಊರಲ್ಲಿ ಯಾರನ್ನು ಬೇಕಾದರೂ ಮಾಡಿ ತೋರಿಸುತ್ತೇನೆ, ಅವನ ಆ ನಗುವೊಂದನ್ನು ಬಿಟ್ಟು.

ಆದರೆ ಅಂದು ಸಭೆಯಲ್ಲಿ ತೀರ್ಮಾನ ಕೊಟ್ಟವರು ಸಾವಕಾರರಲ್ಲ. ಅವರು ಡಬ್ಬಿಗಳನ್ನೊಮ್ಮೆ, ದೀಪಗಳನ್ನೊಮ್ಮೆ ನೋಡುತ್ತಿದ್ದಾಗ ದೋಸ್ತ ಇನ್ನೊಂದು ಸಲ ಕುತ್ತಿಗೆ ವಾರೆ ಮಾಡಿದ, ನನ್ನ ಹಾಗೆಯೇ ಮೂಗು ಎಳೆದ: “ಎದ್ದು ಹೋಗೂವಾಗ ಸ್ವಿಚ್ ಆರಸವ್ರು ಯಾರ್ರಿ, ನಮ್ಮಪ್ಪೇನ್ರಿ?”

ಈ ಸಲ ಒಬ್ಬಿಬ್ಬರೇ ನಕ್ಕರು. ಆ ಹುಡುಗಿ ನಗಲಿಲ್ಲ.

“ನಾವ ಆರಸ್ತೀವಿ ಅಣ್ಣಾ, ಬೀಸಿ ಬೀಸಿ ಕೈ ಗಟ್ಟಿ ಆಗ್ಯಾವು. ನಿಮಗ ಇನ್ನೂ ಏನರ ಕೇಳೂದಿದ್ರ ನಿಮ್ಮ ಸ್ವಂತ ದನೀಲೆ ಕೇಳ್ರಿ.”