ಅಕ್ಕಡಿ ಸಾಲಿನ ಅವರೆ

ನನ್ನ ತವರು ಹೊಸೂರು. ಅಪ್ಪ ಕಾರ್ಖಾನೆ ಕೆಲಸ ಸಿಕ್ಕಿತೆಂದು ಕರ್ನಾಟಕದಿಂದ ಬಂದು ಅಲ್ಲೇ ನಿಂತವರು. ಮದುವೆಯಾಗಿ ಉದ್ದನಪಲ್ಲಿ ಕಡೆಯ ಈ ಹಳ್ಳಿಗೆ ಬರುವ ತನಕ ನಾನು ರಾಗಿಯನ್ನು ಹಿಟ್ಟಾಗಿ ಮಾತ್ರ ನೋಡಿದ್ದೆ. ಹೊಲದಲ್ಲಿ ಪೈರು ಯಾವುದು, ಕಳೆ ಯಾವುದು ಎಂದು ನನಗೆ ಕಲಿಸಿದವರು ನಮ್ಮ ಅತ್ತೆ. ಮೊದಲ ವರ್ಷ ಕಳೆಯೆಂದುಕೊಂಡು ಒಂದಷ್ಟು ರಾಗಿ ಪೈರನ್ನೇ ಕಿತ್ತಿದ್ದೆ. ಅತ್ತೆ ನಕ್ಕು, ‘ಹೋಗ್ಲಿ ಬುಡಮ್ಮ, ಹಸ ತಿಂತದೆ’ ಎಂದಿದ್ದರು.

ನಮ್ಮ ಹೊಲದಲ್ಲಿ ಬರೀ ರಾಗಿ ಬಿತ್ತುತ್ತಿರಲಿಲ್ಲ. ಅಷ್ಟಷ್ಟು ಸಾಲು ರಾಗಿಯಾದ ಮೇಲೆ ಒಂದು ಸಾಲು ಅವರೆ. ಅದಕ್ಕೆ ಅಕ್ಕಡಿ ಸಾಲು ಎನ್ನುತ್ತಾರೆ. ಅವರೆ ಬಿತ್ತುವುದು ಅತ್ತೆಯ ಕೆಲಸ. ನೇಗಿಲಿನ ಹಿಂದೆ ನಡೆಯುತ್ತಾ ಮಡಿಲಿನಿಂದ ಬೀಜ ತೆಗೆದು ಬಿಡುತ್ತಾ ಹೋಗುವರು. ಆ ಬೀಜ ಅವರ ತವರಿನದು. ಮದುವೆಯಾದ ವರ್ಷ ಅವರ ತಾಯಿ ಸೆರಗಿನಲ್ಲಿ ಕಟ್ಟಿ ಕಳಿಸಿದ್ದಂತೆ. ಕಾಯಿ ಸಣ್ಣದು, ಆದರೆ ಸೊಗಡು ಎಂಥದೆಂದರೆ, ಸುಲಿದ ಕೈಯನ್ನು ಎಷ್ಟು ತೊಳೆದರೂ ಮಾರನೆಯ ದಿನದವರೆಗೆ ವಾಸನೆ ಉಳಿಯುತ್ತಿತ್ತು. ರಾಗಿ ಕೊಯ್ದ ಮೇಲೆ ಮಂಜು ಬೀಳುವ ಕಾಲಕ್ಕೆ ಅವರೆ ಬಲಿಯುತ್ತಿತ್ತು. ಆ ದಿನಗಳಲ್ಲಿ ನಮ್ಮ ಮನೆಗೆ ನೆಂಟರು ತಾವಾಗಿಯೇ ಬರುತ್ತಿದ್ದರು.

ಆ ವರ್ಷ ಬಿತ್ತನೆ ಮುಗಿಸಿ ಅತ್ತೆ ಜವಳಗಿರಿಗೆ ಹೋದರು. ಅಲ್ಲಿ ನನ್ನ ನಾದಿನಿಗೆ ಎರಡನೆಯ ಹೆರಿಗೆ. ಅಡಿಗೆ, ಮಗು, ಬಾಣಂತಿ ಎಲ್ಲವನ್ನೂ ನೋಡಿಕೊಳ್ಳಲು ಬೇರೆ ಯಾರೂ ಇರಲಿಲ್ಲ. ಇತ್ತ ಮಳೆ ಚೆನ್ನಾಗಿ ಹಿಡಿಯಿತು. ರಾಗಿಯ ಜೊತೆಗೆ ಕಳೆಯೂ ಎದ್ದಿತು. ಅಣ್ಣೆ ಸೊಪ್ಪು ಪೈರನ್ನೇ ಮುಚ್ಚುವಂತೆ ಬೆಳೆಯಿತು. ಕಳೆ ಕೀಳಲು ಕೂಗಿದರೆ ಓಡಿಬರುತ್ತಿದ್ದ ಹೆಂಗಸರೆಲ್ಲ ಈಗ ಬೆಳಿಗ್ಗೆ ಕಾರ್ಖಾನೆಯ ವ್ಯಾನ್ ಹತ್ತುತ್ತಿದ್ದರು. ನಾನೊಬ್ಬಳೇ ಕುಕ್ಕರಗಾಲಲ್ಲಿ ಕೂತು ಕಿತ್ತೆ. ಈ ತುದಿ ಮುಗಿಯುವಷ್ಟರಲ್ಲಿ ಆ ತುದಿ ಮತ್ತೆ ಹಸಿರಾಗುತ್ತಿತ್ತು. ಮಂಡಿ ಊದಿಕೊಂಡು ರಾತ್ರಿ ಕಾಲು ಮಡಚಲಾಗುತ್ತಿರಲಿಲ್ಲ.

ನನ್ನ ಗಂಡ ಹೊಸೂರಿನಲ್ಲಿ ಶಿಫ್ಟ್ ಕೆಲಸಕ್ಕೆ ಹೋಗುವವರು. ನನ್ನ ಕಾಲು ನೋಡಿ, ‘ಸಾಕು ಬುಡು. ಔಷಧಿ ಹೊಡ್ದುಬುಡ್ತೀನಿ’ ಎಂದರು. ನನಗೂ ಅದೇ ಬೇಕಿತ್ತು.

ಇಬ್ಬರೂ ಬೈಕಿನಲ್ಲಿ ಔಷಧಿ ಅಂಗಡಿಗೆ ಹೋದೆವು. ಅಂಗಡಿಯವರು ತಮಿಳು, ಕನ್ನಡ ಎರಡನ್ನೂ ಬೆರೆಸಿ ಮಾತಾಡುವವರು. ‘ಏನು ಬೆಳೆ ಅಣ್ಣಾ?’ ಎಂದು ಕೇಳಿದರು.

‘ರಾಗಿ.’

‘ರಾಗಿಗೆ ಭಯವೇ ಬೇಡ. ಇದನ್ನ ಹೊಡೀರಿ. ಅಗಲ ಎಲೆದು ಏನಿದ್ರೂ ಸುರುಟ್ಕೊಂಡು ಹೋಯ್ತದೆ, ರಾಗಿ ಹಂಗೇ ನಿಂತಿರ್ತದೆ.’

ಅವರು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಸಾಲಿನ ನಡುವೆ ಬೇರೇನಾದರೂ ಇದೆಯೇ ಎಂದು ಅವರು ಕೇಳಲಿಲ್ಲ, ನಾವೂ ಹೇಳಲಿಲ್ಲ. ಅವರೆಯ ಎಲೆಯೂ ಅಗಲವೇ ಎಂಬುದು ಆ ಹೊತ್ತಿನಲ್ಲಿ ನಮ್ಮಿಬ್ಬರಿಗೂ ಹೊಳೆಯಲಿಲ್ಲ.

ರಜೆಯ ದಿನ ನನ್ನ ಗಂಡ ಪಂಪು ಬೆನ್ನಿಗೇರಿಸಿಕೊಂಡು ಹೊಲಕ್ಕೆಲ್ಲ ಹೊಡೆದರು. ನಾನು ನೀರು ಹೊತ್ತು ಕೊಟ್ಟೆ. ಸಂಜೆ ಅತ್ತೆ ಫೋನು ಮಾಡಿ, ಮಗುವಿನ ವಿಷಯವೆಲ್ಲ ಹೇಳಿ, ‘ಅವರೆ ಎಷ್ಟು ಎದ್ದೈತಮ್ಮಾ?’ ಎಂದರು. ‘ಗೇಣುದ್ದ ಬಂದಿದೆ ಅತ್ತೆ’ ಎಂದೆ. ಅವರ ದನಿಯಲ್ಲಿ ಖುಷಿಯಿತ್ತು.

ಎರಡು ದಿನ ಬಿಟ್ಟು ಹೊಲಕ್ಕೆ ಹೋದೆ. ಅಣ್ಣೆ ಸೊಪ್ಪು ತಲೆ ಬಾಗಿಸಿತ್ತು. ಕೆಲಸ ಹಗುರಾಯಿತು ಅಂದುಕೊಂಡು ಮುಂದೆ ಹೋದರೆ, ಅವರೆಯ ಕುಡಿಗಳು ಹಗ್ಗ ಹೊಸೆದ ಹಾಗೆ ತಿರುಚಿಕೊಂಡಿದ್ದವು. ಎಲೆಗಳು ಬಟ್ಟಲಿನಂತೆ ಮಡಚಿದ್ದವು. ಮೊದಲ ಸಾಲು ಮಾತ್ರವಿರಬಹುದೆಂದು ಓಡಿ ನೋಡಿದೆ. ಎಲ್ಲ ಸಾಲೂ ಹಾಗೆಯೇ. ಕೊಡಗಟ್ಟಲೆ ನೀರು ಹೊತ್ತು ಬುಡಕ್ಕೆ ಹಾಕಿದೆ. ಉಪಯೋಗವಾಗಲಿಲ್ಲ. ಫೋನಿನಲ್ಲಿ ಹೇಳಲು ಮಾತ್ರ ನಮ್ಮಿಬ್ಬರಿಗೂ ಬಾಯಿ ಬರಲಿಲ್ಲ.

ಅತ್ತೆ ಬಸ್ಸಿಳಿದವರು ಮನೆಗೆ ಬರುವ ಮೊದಲೇ ಹೊಲ ಹೊಕ್ಕಿದ್ದರು. ನಾವು ಹೋಗುವಷ್ಟರಲ್ಲಿ ಒಂದು ಒಣಗಿದ ಅವರೆ ಗಿಡವನ್ನು ಕಿತ್ತು ಬೇರು ನೋಡುತ್ತಿದ್ದರು.

‘ಏನ್ಲಾ ಮಾಡ್ದೆ?’

‘ಕಳೆಗೆ ಹೊಡ್ದೆ ಅಮ್ಮ. ಹಿಂಗಾಯ್ತದೆ ಅಂತ ಗೊತ್ತಿರ್ಲಿಲ್ಲ. ರಾಗಿ ನೋಡು, ಹೆಂಗೆ ಎದ್ದೈತೆ.’

ಅತ್ತೆ ರಾಗಿಯ ಕಡೆ ತಿರುಗಲಿಲ್ಲ. ‘ಫೋನಿತ್ತಲ್ಲ ಕಣ್ಲಾ. ಒಂದು ಮಾತು ಕೇಳಬಾರದಾಗಿತ್ತಾ?’ ಎಂದರು. ಆಮೇಲೆ, ಬೈಗುಳಕ್ಕಿಂತ ಹೆಚ್ಚು ನೋಯಿಸುವಷ್ಟು ಮೆತ್ತಗೆ, ‘ಹೋದ ಸಲ ಕಾಯಿ ಬಲಿಯೋ ಹೊತ್ತಿಗೆ ಮಳೆ ಬಂದು ಬೀಜ ಕಮ್ಮಿಯಾಗಿತ್ತು. ಇದ್ದದ್ದನ್ನೆಲ್ಲ ಬಿತ್ತಿಬುಟ್ಟಿದ್ದೆ’ ಎಂದರು.

ಆಗ ನನಗೆ ಅಳು ಬಂತು. ಅತ್ತೆ ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದು ಈಗಲೂ ಅನ್ನಿಸುತ್ತದೆ.

ಆ ವರ್ಷ ರಾಗಿ ಹಿಂದೆಂದೂ ಆಗದಷ್ಟು ಆಯಿತು. ಚಳಿಗಾಲದಲ್ಲಿ ಹೊಸೂರಿನಿಂದ ಅವರೆಕಾಯಿ ತಂದು, ಹಿತಕಿ, ಸಾರು ಮಾಡಿದೆ. ಅತ್ತೆ ಉಂಡು, ‘ಚೆನ್ನಾಗೈತೆ’ ಎಂದರು. ಕೈ ತೊಳೆದು ಬಂದು ಮೂಸಿಕೊಂಡದ್ದನ್ನು ನಾನು ನೋಡಿದೆ.

ಬೀಜಕ್ಕಾಗಿ ಹುಡುಕದೆ ಇರಲಿಲ್ಲ. ಅವರ ತವರಿನಲ್ಲಿ ಹೊಲ ಗುಲಾಬಿ ತೋಟವಾಗಿತ್ತು. ಜವಳಗಿರಿಯ ಮಗಳಿಗೆ ಹಿಂದೊಮ್ಮೆ ಕೊಟ್ಟಿದ್ದರಂತೆ. ಆನೆಗಳ ಕಾಟಕ್ಕೆ ಅವರು ಅವರೆ ಹಾಕುವುದನ್ನೇ ಬಿಟ್ಟಿದ್ದರು. ಪಕ್ಕದ ಊರಿನ ನೆಂಟರೊಬ್ಬರು ಒಂದು ಹಿಡಿ ಕೊಟ್ಟರು. ಅತ್ತೆ ಹಿತ್ತಿಲಲ್ಲಿ ಹಾಕಿದರು. ಅಗಲ ಕಾಯಿ, ದಪ್ಪ ಕಾಳು, ಸೊಗಡೇ ಇಲ್ಲ. ಬಳ್ಳಿ ಕಿತ್ತು ಹಸುವಿಗೆ ಹಾಕಿದರು.

ಮುಂದಿನ ಮಳೆಗೆ ಬರೀ ರಾಗಿ ಬಿತ್ತಿದೆವು. ಅತ್ತೆ ಬದುವಿನ ಮೇಲೆ ಕೂತು ನೋಡಿದರೇ ಹೊರತು ಕೆಳಗಿಳಿಯಲಿಲ್ಲ. ಕಳೆ ಎದ್ದಾಗ, ಈ ಸಲ ಎಷ್ಟೇ ಕಷ್ಟವಾದರೂ ಸರಿಯೆಂದು, ‘ಔಷಧಿ ಬೇಡ ಅತ್ತೆ, ನಾವಿಬ್ಬರೂ ಕೂತು ಕೈಯಲ್ಲೇ ಕೀಳೋಣ’ ಎಂದೆ.

ಅತ್ತೆ ನನ್ನ ಮುಖ ನೋಡಿದರು.

‘ಯಾವ ಸಾಲು ಉಳಿಸ್ಕೊಳಾಕಮ್ಮ?’ ಎಂದು, ಒಳಗಿದ್ದ ಮಗನನ್ನು ಕೂಗಿ ಹೇಳಿದರು: ‘ಲೋ, ರಜಾ ದಿನ ನೋಡ್ಕೊಂಡು ಔಷಧಿ ಹೊಡ್ದುಬುಡ್ಲಾ. ಈ ಹುಡುಗಿ ಮಂಡಿ ಯಾಕೆ ಸವೀಬೇಕು.’